ಪಿಂಗ್‌ಫಾಂಗ್‌ನ ವೈದ್ಯರೂ ಮಾಹಿತಿಯ ವ್ಯಾಪಾರವೂ

1945ರ ಮೇ ತಿಂಗಳಲ್ಲಿ ಜಪಾನಿನ ಕ್ಯೂಶು ದ್ವೀಪದ ಮೇಲೆ ಅಮೆರಿಕದ ಬಿ-29 ಬಾಂಬರ್ ವಿಮಾನವೊಂದು ಉರುಳಿತು. ಅದರ ನಾಯಕನನ್ನು ವಿಚಾರಣೆಗಾಗಿ ಟೋಕಿಯೋಗೆ ಕಳುಹಿಸಿದ್ದರಿಂದ ಅವನು ಬದುಕಿಕೊಂಡ. ಅವನ ಕೆಲವು ಸಂಗಡಿಗರೂ ಸೇರಿ ಎಂಟು ಯುದ್ಧಕೈದಿಗಳು ಕ್ಯೂಶು ಇಂಪೀರಿಯಲ್ ವಿಶ್ವವಿದ್ಯಾಲಯದ ವೈದ್ಯರ ಕೈಯಲ್ಲಿ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸತ್ತರು. ಶ್ವಾಸಕೋಶ ತೆಗೆದು ನೋಡಿದರು. ರಕ್ತದ ಬದಲಿಗೆ ಸಮುದ್ರದ ನೀರು ಆದೀತೇ ಎಂದು ರಕ್ತನಾಳಗಳಿಗೆ ಅದನ್ನು ಹರಿಸಿದರು. ಯುದ್ಧ ಮುಗಿದ ಮೇಲೆ, ಈ ಕೈದಿಗಳು ಹಿರೋಶಿಮಾದ ಅಣುಬಾಂಬಿಗೆ ಬಲಿಯಾದರೆಂದು ಲೆಕ್ಕ ತೋರಿಸಿದರು. ಆ ಸುಳ್ಳು ನಿಲ್ಲಲಿಲ್ಲ. 1948ರಲ್ಲಿ ಯೊಕೊಹಾಮಾದ ಅಮೆರಿಕನ್ ಸೇನಾ ನ್ಯಾಯಾಲಯ ಈ ಪ್ರಕರಣದಲ್ಲಿ 23 ಮಂದಿಯನ್ನು ತಪ್ಪಿತಸ್ಥರೆಂದು ಸಾರಿತು. ಐವರಿಗೆ ವಿಧಿಸಿದ ಮರಣದಂಡನೆ ಜಾರಿಯಾಗಲಿಲ್ಲ, ಎಲ್ಲರೂ ಕ್ರಮೇಣ ಬಿಡುಗಡೆಯಾದರು. ಆದರೂ ಮೊಕದ್ದಮೆಯಂತೂ ನಡೆಯಿತು.

ಇದೇ ಬಗೆಯ ಕೃತ್ಯವನ್ನು ನೂರಾರು ಪಟ್ಟು ದೊಡ್ಡದಾಗಿ ನಡೆಸಿದ ಇನ್ನೊಂದು ಸಂಸ್ಥೆಯ ಮೇಲೆ ಅಮೆರಿಕ ಒಂದೇ ಒಂದು ಮೊಕದ್ದಮೆಯನ್ನೂ ಹೂಡಲಿಲ್ಲ. ಅದು ಚೀನಾದಲ್ಲಿ ಬೀಡುಬಿಟ್ಟಿದ್ದ ಜಪಾನಿನ ಕ್ವಾಂಟುಂಗ್ ಸೇನೆಯ 731ನೇ ಘಟಕ. ಮಂಚೂರಿಯಾ ಎಂದು ಕರೆಯುತ್ತಿದ್ದ ಈಶಾನ್ಯ ಚೀನಾದ ಹಾರ್ಬಿನ್ ನಗರದ ಹತ್ತಿರ ಪಿಂಗ್‌ಫಾಂಗ್ ಎಂಬಲ್ಲಿ ಅದರ ಕಟ್ಟಡಗಳಿದ್ದವು. ಕಾಗದದ ಮೇಲಿನ ಹೆಸರು 'ಸಾಂಕ್ರಾಮಿಕ ರೋಗ ತಡೆ ಮತ್ತು ನೀರು ಶುದ್ಧೀಕರಣ ವಿಭಾಗ'. ಸುತ್ತಲಿನವರಿಗೆ ಅದು ಮರ ಕೊಯ್ಯುವ ಕಾರ್ಖಾನೆ ಎಂದು ಹೇಳಿದ್ದರು. ಕಟ್ಟಿದವನು ಇಶಿಇ ಶಿರೋ, ಕ್ಯೋಟೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಓದಿದ ಸೇನಾ ವೈದ್ಯ. ರೋಗಾಣು ಅಸ್ತ್ರಗಳ ಬಳಕೆಯನ್ನು 1925ರ ಜಿನೀವಾ ಒಪ್ಪಂದ ನಿಷೇಧಿಸಿತ್ತು. ನಿಷೇಧಿಸಬೇಕಾಯಿತೆಂದರೆ ಆ ಅಸ್ತ್ರ ಅಷ್ಟು ಪ್ರಬಲವಾಗಿರಲೇಬೇಕು ಎಂಬುದು ಇಶಿಇಯ ತರ್ಕ.

ಅಲ್ಲಿಗೆ ಕೈದಿಗಳನ್ನು ತಂದು ಒಪ್ಪಿಸುತ್ತಿದ್ದುದು ಸೇನಾ ಪೊಲೀಸರು. ಹೆಚ್ಚಿನವರು ಚೀನೀಯರು, ಅವರಲ್ಲಿ ಸೆರೆಸಿಕ್ಕ ಸೈನಿಕರೂ ಪ್ರತಿರೋಧ ಚಳವಳಿಯವರೂ ಇದ್ದರು. ಜೊತೆಗೆ ಸೋವಿಯತ್ ಪ್ರಜೆಗಳು, ಕೊರಿಯನ್ನರು, ಮಂಗೋಲರು. ಒಳಗೆ ಬಂದವರಿಗೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಘಟಕದ ಅಧಿಕಾರಿಯೊಬ್ಬನೇ ಮುಂದೆ ನ್ಯಾಯಾಲಯದಲ್ಲಿ ಹೇಳಿದ ಪ್ರಕಾರ ಅಲ್ಲಿ ಕನಿಷ್ಠ 3,000 ಮಂದಿ ಸತ್ತರು.

ಅಲ್ಲಿ ನಡೆದದ್ದರಲ್ಲಿ ಒಂದನ್ನಾದರೂ ವಿಜ್ಞಾನದ ಕಣ್ಣಿನಿಂದ ನೋಡಬೇಕು. ಮಂಚೂರಿಯಾದ ಚಳಿಯಲ್ಲಿ ಸೈನಿಕರ ಬೆರಳುಗಳು ಹೆಪ್ಪುಗಟ್ಟಿ ಕೊಳೆಯುತ್ತಿದ್ದವು. ಚರ್ಮದ ಅಡಿಯ ನೀರು ಮಂಜುಗಡ್ಡೆಯ ಹರಳಾಗಿ ಜೀವಕೋಶಗಳನ್ನು ಸೀಳುತ್ತದೆ, ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಅಂಥ ಬೆರಳನ್ನು ಹಿಮದಿಂದ ಉಜ್ಜಬೇಕು, ನಿಧಾನವಾಗಿ ಬೆಚ್ಚಗಾಗಿಸಬೇಕು ಎಂಬ ಹಳೆಯ ನಂಬಿಕೆಯಿತ್ತು. ಯೊಶಿಮುರಾ ಹಿಸಾತೊ ಎಂಬ ಶರೀರಶಾಸ್ತ್ರಜ್ಞ ಕೈದಿಗಳನ್ನು ರಾತ್ರಿಯ ಚಳಿಗೆ ಬರಿಗೈಯಲ್ಲಿ ನಿಲ್ಲಿಸಿದ. ತೋಳಿಗೆ ನೀರು ಸುರಿದರು. ಕೋಲಿನಿಂದ ಬಡಿದಾಗ ಹಲಗೆಯ ಸದ್ದು ಬರುವವರೆಗೆ ಕಾದರು. ಆಮೇಲೆ ಬೇರೆ ಬೇರೆ ಬಿಸಿಯ ನೀರಿನಲ್ಲಿ ಅದ್ದಿ ಫಲಿತಾಂಶ ಬರೆದುಕೊಂಡರು. ದೇಹದ ಉಷ್ಣತೆಗಿಂತ ತುಸು ಹೆಚ್ಚು ಬಿಸಿಯಾದ ನೀರಿನಲ್ಲಿ ಬೇಗ ಕರಗಿಸುವುದೇ ಒಳ್ಳೆಯದು ಎಂಬುದು ಅವನ ತೀರ್ಮಾನ.

ಇಂದು ವೈದ್ಯರು ಅನುಸರಿಸುವುದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ 'ಕ್ರೂರವಾಗಿತ್ತು ನಿಜ, ಆದರೆ ಮನುಕುಲಕ್ಕೆ ಉಪಯೋಗವಾಯಿತಲ್ಲ' ಎನ್ನುವವರು ಈಗಲೂ ಸಿಗುತ್ತಾರೆ. ಅವರಿಗೆ ಒಂದು ಸಂಗತಿ ತಿಳಿದಿರಬೇಕು. 1947ರಲ್ಲಿ ಅಮೆರಿಕದ ಫುರ್ಮನ್ ಮತ್ತು ಕ್ರಿಸ್ಮನ್ ಎಂಬ ಸಂಶೋಧಕರು ಹೆಪ್ಪುಗಟ್ಟಿದ ಕಾಲುಗಳಿಗೆ ಬಿಸಿನೀರಿನ ಚಿಕಿತ್ಸೆ ಕೊಟ್ಟು, ಬೇಗ ಬೆಚ್ಚಗಾಗಿಸುವುದರಿಂದ ಕೊಳೆತ ಕಡಿಮೆಯಾಗುತ್ತದೆ ಎಂದು ಪ್ರಕಟಿಸಿದರು. ಅವು ಮೊಲದ ಕಾಲುಗಳು. ಪಿಂಗ್‌ಫಾಂಗ್ ಇಲ್ಲದಿದ್ದರೂ ಈ ತಿಳಿವಳಿಕೆ ಬರುತ್ತಿತ್ತು, ಬಂದೇ ಬಂತು. ನಾಜಿ ಜರ್ಮನಿಯ ಡಾಖಾವ್ ಯಾತನಾಶಿಬಿರದಲ್ಲಿ ಕೈದಿಗಳನ್ನು ಮಂಜಿನ ನೀರಿನಲ್ಲಿ ಮುಳುಗಿಸಿ ಪಡೆದ ಅಂಕಿಅಂಶಗಳ ಗತಿಯೂ ಇಷ್ಟೇ. 1990ರಲ್ಲಿ ಅವನ್ನು ಕೂಲಂಕಷವಾಗಿ ಪರಿಶೀಲಿಸಿದ ವೈದ್ಯ ರಾಬರ್ಟ್ ಬರ್ಗರ್, ಅವು ವೈಜ್ಞಾನಿಕವಾಗಿ ನಂಬಲಾಗದವು ಎಂಬ ನಿರ್ಣಯಕ್ಕೆ ಬಂದರು.

731ರ ಮುಖ್ಯ ಗುರಿಯಂತೂ ಚಿಕಿತ್ಸೆಯೇ ಅಲ್ಲ, ಅಸ್ತ್ರ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಬಾಂಬಿನಲ್ಲಿ ತುಂಬಿದರೆ ಸ್ಫೋಟದ ಶಾಖಕ್ಕೇ ಸಾಯುತ್ತದೆ. ಅದಕ್ಕೆ ಅವರು ಎರಡು ದಾರಿ ಕಂಡುಕೊಂಡರು: ಸ್ವಲ್ಪವೇ ಸಿಡಿಮದ್ದಿಗೆ ಒಡೆಯುವ ಪಿಂಗಾಣಿ ಬಾಂಬು, ಮತ್ತು ಬ್ಯಾಕ್ಟೀರಿಯಾವನ್ನು ಹೊಟ್ಟೆಯೊಳಗೆ ಹೊತ್ತೊಯ್ಯುವ ಚಿಗಟ. 1940ರ ಅಕ್ಟೋಬರ್‌ನಲ್ಲಿ ನಿಂಗ್ಬೋ ನಗರದ ಮೇಲೆ ವಿಮಾನದಿಂದ ಗೋಧಿ ಕಾಳಿನ ಜೊತೆ ಚಿಗಟಗಳನ್ನು ಸುರಿದರು. ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ಜನ ಪ್ಲೇಗಿಗೆ ತುತ್ತಾಗಿ ಸತ್ತರು. ಮರುವರ್ಷ ಚಾಂಗ್ಡೆಯ ಸರದಿ.

1945ರ ಆಗಸ್ಟ್ 9ರಂದು ಸೋವಿಯತ್ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಉಳಿದಿದ್ದ ಕೈದಿಗಳೆಲ್ಲರನ್ನೂ ಕೊಂದು ಸುಟ್ಟರು, ಕಟ್ಟಡಗಳನ್ನು ಸಿಡಿಸಿದರು. ಈ ಗುಟ್ಟು ನಿಮ್ಮೊಂದಿಗೇ ಮಣ್ಣಾಗಬೇಕು ಎಂದು ಇಶಿಇ ತನ್ನವರಿಗೆ ಆಜ್ಞೆ ಮಾಡಿದ.

ಅಮೆರಿಕದ ರೋಗಾಣು ಅಸ್ತ್ರ ಕೇಂದ್ರವಾದ ಕ್ಯಾಂಪ್ ಡೆಟ್ರಿಕ್‌ನಿಂದ ವಿಜ್ಞಾನಿಗಳು ಒಬ್ಬರ ಹಿಂದೆ ಒಬ್ಬರು ಟೋಕಿಯೋಗೆ ಬಂದರು. ಮೊದಲು ಬಂದ ಮರ್ರೆ ಸ್ಯಾಂಡರ್ಸ್‌ಗೆ ದುಭಾಷಿಯಾಗಿ ನಿಂತವನು ನಾಯ್ತೊ ರ್‍ಯೋಇಚಿ, ಸ್ವತಃ ಇಶಿಇಯ ಆಪ್ತ. ತನಿಖೆಗೆ ಬಂದವರು ಯಾರಿಂದ ಏನನ್ನು ಕೇಳಿಸಿಕೊಳ್ಳಬೇಕು ಎಂಬುದನ್ನು ಆರೋಪಿಯ ಕಡೆಯವನೇ ನಿರ್ಧರಿಸಿದಂತಾಯಿತು. 1947ರ ಹೊತ್ತಿಗೆ ಮನುಷ್ಯರ ಮೇಲಿನ ಪ್ರಯೋಗ ಖಚಿತವಾಗಿತ್ತು. ಆ ವರ್ಷದ ಮೇ 6ರಂದು ಸೋತ ಜಪಾನಿನ ಆಡಳಿತ ವಹಿಸಿದ್ದ ಅಮೆರಿಕದ ಜನರಲ್ ಮೆಕಾರ್ಥರ್‌ನ ಕಚೇರಿ ವಾಷಿಂಗ್ಟನ್‌ಗೆ ತಂತಿ ಕಳುಹಿಸಿತು. ಮಾಹಿತಿ ಗುಪ್ತಚರ ವಲಯದಲ್ಲೇ ಉಳಿಯುತ್ತದೆ, ಯುದ್ಧಾಪರಾಧದ ಸಾಕ್ಷ್ಯವಾಗುವುದಿಲ್ಲ ಎಂದು ತಿಳಿಸಿದರೆ ಜಪಾನೀಯರಿಂದ ಇನ್ನಷ್ಟು ಸಿಕ್ಕೀತು ಎಂಬುದು ಅದರ ಸಾರ. ವ್ಯಾಪಾರ ಕುದುರಿತು. ಇನ್ನೂರಕ್ಕೂ ಹೆಚ್ಚು ಮನುಷ್ಯರ ದೇಹಗಳಿಂದ ತೆಗೆದ ಸುಮಾರು 8,000 ಅಂಗಾಂಶ ಸ್ಲೈಡುಗಳು ಕೈಸೇರಿದವು. ಡಿಸೆಂಬರ್‌ನಲ್ಲಿ ಎಡ್ವಿನ್ ಹಿಲ್ ಎಂಬ ವಿಜ್ಞಾನಿ ವರದಿ ಬರೆದ: ಇದಕ್ಕೆಲ್ಲ ತಗುಲಿದ ಖರ್ಚು 2,50,000 ಯೆನ್, ನಿಜವಾದ ಅಧ್ಯಯನದ ವೆಚ್ಚದ ಮುಂದೆ ಜುಜುಬಿ, ಮನುಷ್ಯರ ಮೇಲೆ ಪ್ರಯೋಗ ಮಾಡಲು ನಮಗಿರುವ ಸಂಕೋಚದಿಂದಾಗಿ ಇಂಥ ಮಾಹಿತಿ ನಮ್ಮ ಪ್ರಯೋಗಾಲಯಗಳಲ್ಲಿ ಸಿಗಲಾರದು.

ಆ ತಂತಿ ಹೋದ ದಿನಗಳಲ್ಲೇ ಅದೇ ಅಮೆರಿಕ ನ್ಯೂರೆಂಬರ್ಗ್‌ನಲ್ಲಿ ಜರ್ಮನಿಯ ವೈದ್ಯರ ವಿಚಾರಣೆ ನಡೆಸುತ್ತಿತ್ತು. ಆಗಸ್ಟ್‌ನಲ್ಲಿ ಬಂದ ತೀರ್ಪಿನೊಂದಿಗೆ, ಪ್ರಯೋಗಕ್ಕೆ ಒಳಗಾಗುವವನ ಸ್ವಇಚ್ಛೆಯ ಒಪ್ಪಿಗೆ ಇರಲೇಬೇಕು ಎಂಬ ಸೂತ್ರವೂ ಬಂತು. ಏಳು ಮಂದಿಗೆ ಗಲ್ಲಾಯಿತು. ಕ್ಯೂಶುವಿನಲ್ಲಿ ಸತ್ತವರು ಅಮೆರಿಕನ್ನರಾದ್ದರಿಂದ ಅಲ್ಲಿ ನ್ಯಾಯಾಲಯ ಕೂತಿತು. ಪಿಂಗ್‌ಫಾಂಗ್‌ನಲ್ಲಿ ಸತ್ತ ಚೀನೀಯರ ದೇಹಗಳು ಸರಕಾದವು. ಇದನ್ನು ಸುತ್ತಿಬಳಸದೆ ಹೀಗೆಯೇ ಹೇಳಬೇಕೆಂದು ನನಗನ್ನಿಸುತ್ತದೆ. 1949ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಖಬರೋವ್ಸ್ಕ್‌ನಲ್ಲಿ 12 ಜಪಾನೀಯರನ್ನು ವಿಚಾರಣೆಗೆ ಒಳಪಡಿಸಿ ಸಾಕ್ಷ್ಯಗಳನ್ನು ಪ್ರಕಟಿಸಿದಾಗ ಪಶ್ಚಿಮದ ದೇಶಗಳು ಅದನ್ನು ಕಮ್ಯುನಿಸ್ಟ್ ಅಪಪ್ರಚಾರವೆಂದು ತಳ್ಳಿಹಾಕಿದವು.

ಇಶಿಇ 1959ರಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ ಸತ್ತ. ಯೊಶಿಮುರಾ ಕ್ಯೋಟೋದ ವೈದ್ಯಕೀಯ ವಿಶ್ವವಿದ್ಯಾಲಯವೊಂದರ ಅಧ್ಯಕ್ಷನಾದ. ದುಭಾಷಿ ನಾಯ್ತೊ ಕಟ್ಟಿದ ರಕ್ತನಿಧಿ ಮುಂದೆ 'ಗ್ರೀನ್ ಕ್ರಾಸ್' ಕಂಪನಿಯಾಯಿತು. 1980ರ ದಶಕದಲ್ಲಿ ಎಚ್‌ಐವಿ ಸೋಂಕಿದ ರಕ್ತ ಉತ್ಪನ್ನಗಳನ್ನು ರೋಗಿಗಳಿಗೆ ಮಾರಿದ ಹಗರಣದಲ್ಲಿ ಸಿಕ್ಕಿದ್ದು ಅದೇ ಕಂಪನಿ. 2002ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ರೋಗಾಣು ಯುದ್ಧ ನಡೆದದ್ದು ನಿಜವೆಂದು ಒಪ್ಪಿಕೊಂಡು, ಚೀನೀ ಸಂತ್ರಸ್ತರಿಗೆ ಪರಿಹಾರ ಮಾತ್ರ ನಿರಾಕರಿಸಿತು.

2018ರಲ್ಲಿ ಜಪಾನಿನ ರಾಷ್ಟ್ರೀಯ ಪತ್ರಾಗಾರ ಘಟಕದ 3,607 ಮಂದಿಯ ಹೆಸರುಗಳನ್ನು ಸಂಶೋಧಕರಿಗೆ ಕೊಟ್ಟಿತು. ಅದೇ ವರ್ಷ ಒಂದು ವಿದ್ವಾಂಸರ ಗುಂಪು, ಪದವಿಯೊಂದನ್ನು ಮರುಪರಿಶೀಲಿಸಿ ಎಂದು ಕ್ಯೋಟೋ ವಿಶ್ವವಿದ್ಯಾಲಯದ ಬಾಗಿಲು ತಟ್ಟಿತು. ಘಟಕದ ಅಧಿಕಾರಿಯೊಬ್ಬನಿಗೆ 1945ರಲ್ಲಿ ಅಲ್ಲಿಂದ ಡಾಕ್ಟರೇಟ್ ದೊರೆತಿತ್ತು. ಚಿಗಟ ಪ್ಲೇಗನ್ನು ಹರಡುವ ಬಗೆ ಅವನ ವಿಷಯ, ಪ್ರಯೋಗಪ್ರಾಣಿ ಕೋತಿ ಎಂದು ಬರೆದಿದ್ದಾನೆ. ಆ ಕೋತಿ ತಲೆನೋವೆಂದು ಹೇಳಿಕೊಂಡಿತಂತೆ. ಅದು ಮನುಷ್ಯನೇ ಎಂದು ಖಚಿತಪಡಿಸಲು ದಾಖಲೆಗಳಿಲ್ಲ ಎಂದು ವಿಶ್ವವಿದ್ಯಾಲಯ ಉತ್ತರಿಸಿತು, ಪದವಿಯನ್ನು ರದ್ದುಮಾಡಲಿಲ್ಲ.