ಸೋಯಾಬೀನ್ ಗಿಡದ ತುದಿಯನ್ನು ನೋಡಿ ಸಿಂಪಡಿಸಿ

ಕೀಟನಾಶಕದ ಸಲಹೆ ಕೇಳಲು ಬರುವ ಸೋಯಾಬೀನ್ ಬೆಳೆಗಾರರು ಬಿತ್ತಿ ಎಷ್ಟು ದಿನವಾಯಿತೆಂಬುದನ್ನು ತಪ್ಪದೆ ಹೇಳುತ್ತಾರೆ. ತಳಿ ಸೀಮಿತ ಬೆಳವಣಿಗೆಯದೋ ಅಸೀಮಿತ ಬೆಳವಣಿಗೆಯದೋ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಹೂ ಕಂಡೊಡನೆ ಒಮ್ಮೆ ಸಿಂಪಡಿಸಿ ನಿಶ್ಚಿಂತರಾಗುವ ಅಭ್ಯಾಸವನ್ನು ಎಷ್ಟು ಹೇಳಿದರೂ ಬಿಡಿಸಲಾಗುತ್ತಿಲ್ಲ.

ಸೀಮಿತ ತಳಿಯ ಮುಖ್ಯ ಕಾಂಡ ಹೂ ಬಿಡಲಾರಂಭಿಸಿದ ಸ್ವಲ್ಪ ಕಾಲದಲ್ಲೇ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಅಸೀಮಿತ ತಳಿಯಾದರೋ ಹೂ ಬಿಟ್ಟ ಮೇಲೂ ಹೊಸ ಗಿಣ್ಣು, ಹೊಸ ಎಲೆಗಳನ್ನು ಹಾಕುತ್ತಲೇ ಇರುತ್ತದೆ; ಮೊದಲ ಹೂ ಕಾಣುವಾಗ ಅದು ತನ್ನ ಪೂರ್ಣ ಎತ್ತರದ ಅರ್ಧವನ್ನೂ ಮುಟ್ಟಿರದೆ ಇರಬಹುದು. ಹೀಗಾಗಿ ಒಂದೇ ಗಿಡದ ಕೆಳಭಾಗದಲ್ಲಿ ಕಾಯಿ ಬೆಳೆಯುತ್ತಿರುವಾಗ ಮೇಲೆ ಇನ್ನೂ ಹೂವಿರುತ್ತದೆ. ಬೆಳೆಯ ರಸ ಹೀರುವ ತಿಗಣೆ ಕೀಟಗಳು ಚುಚ್ಚಿ ಹೀರುವುದು ಎಳೆಗಾಯಿಯನ್ನು, ಬಲಿಯುತ್ತಿರುವ ಕಾಳನ್ನು; ಅಂಥ ಆಹಾರ ವಾರಗಟ್ಟಲೆ ಸಿಗುವ ಹೊಲದಲ್ಲಿ ಹೂವಿನ ಕಾಲದ ಒಂದೇ ಸಿಂಪಡಣೆ ಆಮೇಲೆ ಹುಟ್ಟುವ ಕಾಯಿಗಳನ್ನು ಕಾಯಲಾರದು.

ಬೆಳೆಯ ಹಂತವನ್ನು ಗಿಡದ ಬುಡದಲ್ಲಿ ಅಳೆಯಬಾರದು, ತುದಿಯಲ್ಲಿ ಅಳೆಯಬೇಕು. ಬೆಳೆ ವಿಜ್ಞಾನಿಗಳಾದ ಫೆಹರ್ ಮತ್ತು ಕ್ಯಾವಿನೆಸ್ 1977ರಲ್ಲಿ ವಿವರಿಸಿದ ಕ್ರಮದಂತೆ, ಮುಖ್ಯ ಕಾಂಡದಲ್ಲಿ ಎಲೆ ಪೂರ್ತಿ ಬಿಚ್ಚಿಕೊಂಡಿರುವ ಮೇಲಿನ ನಾಲ್ಕು ಗಿಣ್ಣುಗಳ ಪೈಕಿ ಒಂದರಲ್ಲಿ 5 ಮಿ.ಮೀ. ಉದ್ದದ ಕಾಯಿ ಕಂಡರೆ ಅದು ಆರ್3, ಅಂದರೆ ಕಾಯಿ ಕಟ್ಟಲಾರಂಭಿಸುವ ಹಂತ. ಅಲ್ಲಿಯ ಕಾಯೊಳಗೆ 3 ಮಿ.ಮೀ. ಕಾಳಿದ್ದರೆ ಆರ್5, ಅಂದರೆ ಕಾಳು ಕಟ್ಟಲಾರಂಭಿಸುವ ಹಂತ. ಬೆಳೆಯನ್ನು ಮಕ್ಕಳಂತೆ ನೋಡಿಕೊಳ್ಳುವ ರೈತರೊಬ್ಬರು ಕೆಳಗಿನ ದಪ್ಪ ಕಾಯಿಗಳನ್ನೇ ತೋರಿಸಿ, ಇನ್ನು ತಿಗಣೆಯ ಭಯವಿಲ್ಲ ಎಂದಿದ್ದರು. ಮೇಲಿನ ಕಾಯಿಗಳನ್ನು ಬಿಡಿಸಿದಾಗ ಕಾಳುಗಳು ಸುಕ್ಕುಗಟ್ಟಿದ್ದವು. ಅವರ ಶ್ರಮ ಕಂಡಿದ್ದ ನನಗೆ ಅದು ನೋವಿನ ನೋಟವಾಗಿತ್ತು.

ಎಲೆ ತಿನ್ನುವ ಹುಳುಗಳ ವಿಷಯದಲ್ಲಿ ಇಷ್ಟು ಗಾಬರಿ ಬೇಡ. ಹೂವಿಗೆ ಮುಂಚೆ ಸುಮಾರು ಶೇ. 30ರಷ್ಟು, ಹೂವಿನ ನಂತರ ಸುಮಾರು ಶೇ. 20ರಷ್ಟು ಎಲೆ ನಷ್ಟವಾಗುವವರೆಗೆ ಕಾಯಬಹುದೆಂಬುದು ಸಾಮಾನ್ಯ ಮಾರ್ಗಸೂಚಿ. ಆಯಾ ಪ್ರದೇಶದ ಶಿಫಾರಸು ಬೇರೆಯಿದ್ದರೆ ಅದನ್ನೇ ಪಾಲಿಸಬೇಕು. ಹೂವಿನ ಆರಂಭದಲ್ಲಿ ಎಲೆ ಕಳೆದುಕೊಂಡ ಅಸೀಮಿತ ತಳಿಗೆ ಹೊಸ ಎಲೆಯಿಂದ ಚೇತರಿಸಿಕೊಳ್ಳಲು ಹೆಚ್ಚು ಅವಕಾಶವಿದೆ, ಸೀಮಿತ ತಳಿಗೆ ಕಡಿಮೆ. ಅವಸರದಲ್ಲಿ ಸಿಂಪಡಿಸಿದ ವಿಷಕ್ಕೆ ಜೇಡ, ಪರಾವಲಂಬಿ ಕಣಜಗಳೂ ಸಾಯುತ್ತವೆ. ಕಾಯಿಯ ಕಾಲಕ್ಕೆ ಬೇಕಾದ ಕಾವಲುಗಾರರೇ ಅವು.

ಇವೆರಡರ ನಡುವಿನ ಅರೆ ಸೀಮಿತ ತಳಿಗಳೂ ಇರುವುದರಿಂದ, ಬೆಳವಣಿಗೆಯ ಬಗೆಯನ್ನು ಬೀಜ ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಆರ್3ರಿಂದ, ಕಾಳು ಕಾಯಿಯ ಕುಳಿಯನ್ನು ತುಂಬುವ ಆರ್6ರವರೆಗೆ ವಾರಕ್ಕೊಮ್ಮೆಯಾದರೂ ಹೊಲದ ಅಂಚಿನಲ್ಲಿಯೂ ನಡುವೆಯೂ ಗಿಡಗಳನ್ನು ಬಟ್ಟೆಯ ಮೇಲೆ ಕೊಡವಿ, ತಿಗಣೆಗಳನ್ನೂ ಅವುಗಳ ಮರಿಗಳನ್ನೂ ಎಣಿಸಿ.