ಹಾಡುವ ಮಗಳಿಗೆ ವಿದ್ಯಾರ್ಥಿವೇತನ ಸಿಗುತ್ತದೆಯೇ?

ಪ್ರಶ್ನೆ: ಮಗಳಿಗೆ 12 ವರ್ಷ, ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ಎರಡು ವರ್ಷದಿಂದ ಊರಿನ ಮೇಷ್ಟ್ರ ಹತ್ತಿರ ಹಿಂದೂಸ್ತಾನಿ ಕಲಿಯುತ್ತಿದ್ದಾಳೆ. ಒಳ್ಳೆಯ ಕಂಠ ಅಂತ ಎಲ್ಲರೂ ಹೇಳುತ್ತಾರೆ. ನಮ್ಮದು ಕೂಲಿ ಮನೆ, ಫೀ ಕಟ್ಟುವುದೇ ಕಷ್ಟವಾಗಿದೆ. ಸಂಗೀತಕ್ಕೆಂದೇ ಸ್ಕಾಲರ್‌ಶಿಪ್ ಇದೆಯೇ? ಇದ್ದರೆ ಎಲ್ಲಿ, ಹೇಗೆ?

ಇದೆ. ನಿಮ್ಮ ಮಗಳ ವಯಸ್ಸಿಗೆ ಮೊದಲು ಹಿಡಿಯಬೇಕಾದದ್ದು ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿಯ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ನಡೆಸುವ ‘ಕಲ್ಚರಲ್ ಟ್ಯಾಲೆಂಟ್ ಸರ್ಚ್ ಸ್ಕಾಲರ್‌ಶಿಪ್’. 1982ರಿಂದ ನಡೆದುಬಂದಿರುವ ಯೋಜನೆ ಇದು. ಇಡೀ ದೇಶಕ್ಕೆ ವರ್ಷಕ್ಕೆ 650 ವಿದ್ಯಾರ್ಥಿವೇತನ, 10ರಿಂದ 14 ವರ್ಷದ ಮಕ್ಕಳಿಗೆ. ಸಂಗೀತದ ಜೊತೆ ನೃತ್ಯ, ನಾಟಕ, ಚಿತ್ರಕಲೆ, ಶಿಲ್ಪ, ಕರಕುಶಲದ ಮಕ್ಕಳೂ ಈ 650ರಲ್ಲೇ ಬರುತ್ತಾರೆ. ಒಮ್ಮೆ ಆಯ್ಕೆಯಾದರೆ ಎರಡೆರಡು ವರ್ಷಕ್ಕೆ ನವೀಕರಣವಾಗುತ್ತ 20 ವರ್ಷದವರೆಗೂ ಮುಂದುವರಿಯಬಹುದು. 14 ದಾಟಿದ ಮೇಲೆ ಈ ಬಾಗಿಲು ತೆರೆಯುವುದಿಲ್ಲ. ಆಮೇಲೆ 18 ತುಂಬುವವರೆಗೆ ಕೇಂದ್ರದಿಂದ ಇಂಥ ದೊಡ್ಡ ಅವಕಾಶ ಬೇರೆ ಇಲ್ಲ. ಹಾಗಾಗಿ ‘ಇನ್ನೂ ಸ್ವಲ್ಪ ಕಲಿಯಲಿ, ಆಮೇಲೆ ಹಾಕೋಣ’ ಎಂದು ತಡ ಮಾಡಬೇಡಿ. ಈ ವರ್ಷ ಸಿಗದಿದ್ದರೆ ಮುಂದಿನ ವರ್ಷ ಹಾಕಲು ಅವಳಿಗೆ ಇನ್ನೂ ವಯಸ್ಸಿದೆ.

ಹಣದ ಲೆಕ್ಕ ಮೊದಲೇ ಹೇಳಿಬಿಡುತ್ತೇವೆ, ಆಮೇಲೆ ನಿರಾಸೆ ಬೇಡ. ಬಹುಕಾಲದಿಂದ ಇರುವ ದರ ವರ್ಷಕ್ಕೆ 3,600 ರೂಪಾಯಿ. ಜೊತೆಗೆ ಗುರುಗಳಿಗೆ ಕೊಟ್ಟ ಫೀ ಮರುಪಾವತಿ, ಗರಿಷ್ಠ 9,000. ಎರಡೂ ಪೂರ್ತಿ ಬಂದರೂ 12,600, ಅಂದರೆ ತಿಂಗಳಿಗೆ 1,050 ರೂಪಾಯಿ. ದರ ಪರಿಷ್ಕರಣೆ ಆಗಿದೆಯೇ ಎಂದು ಆ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಫೀ ಮಾತ್ರ ಹೊರೆಯಾಗಿರುವ ಮನೆಗೆ ಇದು ಸಾಕಾಗುತ್ತದೆ. ತಂಬೂರಿ ಕೊಳ್ಳಲು, ಬಸ್ಸಿನ ಖರ್ಚಿಗೆ, ಮನೆ ನಡೆಸಲು ಆಗುವುದಿಲ್ಲ. ತಬಲಾ, ಮೃದಂಗ ಕಲಿಯುವ ಮಕ್ಕಳ ಮನೆಯವರಿಗೆ ಈ ಕೊರತೆ ಇನ್ನೂ ಚೆನ್ನಾಗಿ ಗೊತ್ತು: ದಿನಾ ನುಡಿಸುವ ವಾದ್ಯಕ್ಕೆ ಆಗಾಗ ಹೊಸ ಚರ್ಮ, ಅದರ ನಡುವಿನ ಕಪ್ಪು ಲೇಪ (ತಬಲಾಕ್ಕೆ ಶಾಯಿ, ಮೃದಂಗಕ್ಕೆ ಕರಣೆ) ಹಾಕಿಸಬೇಕು. ಅದಕ್ಕೆಂದು ಪ್ರತ್ಯೇಕ ಹಣ ಇಲ್ಲ.

‘ಮರುಪಾವತಿ’ ಎಂದರೆ ಮೊದಲು ನೀವು ಕೊಡಬೇಕು, ಆಮೇಲೆ ಅವರು ಕೊಡುತ್ತಾರೆ. ಮೇಷ್ಟ್ರ ಫೀ ತಿಂಗಳಿಗೆ 500 ಆದರೆ ವರ್ಷಕ್ಕೆ ಮರಳುವುದು 6,000, 9,000ದ ಮಿತಿಯಲ್ಲಿ ಉಳಿದ 3,000 ನಿಮ್ಮದಲ್ಲ. ಫೀ 1,000 ಆದರೆ 12,000ದಲ್ಲಿ 9,000 ಮರಳುತ್ತದೆ, ಮಿಕ್ಕ 3,000 ಆ 3,600ರಲ್ಲೇ ಹೋಗುತ್ತದೆ. ಇದಕ್ಕೆಲ್ಲ ರಸೀದಿ ಬೇಕು. ನಮ್ಮ ಊರುಗಳಲ್ಲಿ ಸಂಗೀತದ ಮೇಷ್ಟ್ರು ರಸೀದಿ ಬರೆಯುವ ಪದ್ಧತಿ ಇಲ್ಲ. ಅಂಗಡಿಯಲ್ಲಿ ಸಿಗುವ ರಸೀದಿ ಪುಸ್ತಕ ಒಂದು ಕೊಂಡು ಅವರ ಕೈಗೇ ಕೊಡಿ. ತಿಂಗಳು, ಮೊತ್ತ, ಮಗುವಿನ ಹೆಸರು, ಸಹಿ ಇದ್ದರೆ ಆಯಿತು. ಮೇಷ್ಟ್ರು ಹಣ ಮುಟ್ಟದೆ ಕಲಿಸುತ್ತಿದ್ದರೆ ಸುಳ್ಳು ರಸೀದಿ ಮಾಡಿಸಲು ಹೋಗಬೇಡಿ. 3,600 ಹೇಗೂ ಬರುತ್ತದೆ, ಅದು ಸಾಕೆಂದುಕೊಳ್ಳಿ.

ಅರ್ಜಿ ತುಂಬುವ ಮೊದಲು ‘ಯಾವ ಕಲೆ’ ಎಂಬ ಕಲಮಿನ ಮುಂದೆ ಸ್ವಲ್ಪ ಹೊತ್ತು ಕೂತು ಯೋಚಿಸಿ. 650ರಲ್ಲಿ ಪರಂಪರೆಯಿಂದ ಕಲೆಯನ್ನೇ ಬದುಕಾಗಿಸಿಕೊಂಡ ಕುಟುಂಬಗಳ ಮಕ್ಕಳಿಗೆ, ಬುಡಕಟ್ಟು ಮಕ್ಕಳಿಗೆ, ಅಂಗವಿಕಲ ಮಕ್ಕಳಿಗೆ ಪ್ರತ್ಯೇಕ ಪಾಲು ಇದೆ. ಅಪರೂಪವಾಗುತ್ತಿರುವ ಕಲೆಗಳಿಗೆ ಯೋಜನೆಯೇ ಹೆಚ್ಚು ಒತ್ತು ಕೊಡುತ್ತದೆ. ಆದರೂ ಅಜ್ಜಿಯಿಂದ ಚೌಡಿಕೆ ಪದ ಕಲಿತ ಹುಡುಗಿ, ಮನೆಯಲ್ಲೇ ಶಹನಾಯಿ ಇರುವ ಹುಡುಗ, ತತ್ವಪದದ ಭಜನಾ ಮೇಳದಲ್ಲಿ ಬೆಳೆದ ಮಗು, ಎಲ್ಲರೂ ‘ಶಾಸ್ತ್ರೀಯ ಗಾಯನ’ ಎಂದೇ ಬರೆಯುತ್ತಾರೆ. ಅಲ್ಲಿ ನಗರದ ತರಬೇತಿ ಪಡೆದ ಮಕ್ಕಳ ಜೊತೆ ಪೈಪೋಟಿ. ನಿಮ್ಮ ಮನೆಯಲ್ಲಿ ಅಂಥ ಕಲೆ ಇದ್ದು, ಮಗಳು ಅದನ್ನು ನಿಜವಾಗಿ ಬಲ್ಲವಳಾದರೆ ಅದನ್ನೇ ಬರೆಯಿರಿ. ಅಜ್ಜ ಅಥವಾ ಅಜ್ಜಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಕಲಾವಿದರ ಮಾಸಾಶನ ಬರುತ್ತಿದ್ದರೆ ಆ ಆದೇಶದ ಪ್ರತಿ ಒಳ್ಳೆಯ ಪುರಾವೆ.

ಕಾಗದಪತ್ರದಲ್ಲಿ ಮಕ್ಕಳು ಬೀಳುವಷ್ಟು ಹಾಡಿನಲ್ಲಿ ಬೀಳುವುದಿಲ್ಲ ಎಂದರೆ ಹೆಚ್ಚೇನೂ ಅಲ್ಲ. ದೊಡ್ಡ ತೊಂದರೆ ಹೆಸರು. ಶಾಲೆಯಲ್ಲಿ ‘ಕಾವ್ಯಾ ಬಿ.’, ಆಧಾರ್‌ನಲ್ಲಿ ‘ಕಾವ್ಯ ಬಸಪ್ಪ ತಳವಾರ’, ಬ್ಯಾಂಕಿನಲ್ಲಿ ‘ಬಿ. ಕಾವ್ಯ’. ನಮಗೆ ಮೂವರೂ ಒಬ್ಬಳೇ, ಕಂಪ್ಯೂಟರಿಗೆ ಮೂವರು ಹುಡುಗಿಯರು. ಶಾಲಾ ದಾಖಲೆಯನ್ನು ಮೂಲ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಇದಕ್ಕೆ ಹಲವು ವಾರ ಬೇಕಾಗುತ್ತದೆ, ಕೊನೇ ದಿನಾಂಕ ಪ್ರಕಟವಾದ ಮೇಲೆ ಶುರುಮಾಡಿದರೆ ಮುಗಿಯುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ, ಅದು ಮುಗಿದಿಲ್ಲವೇ ನೋಡಿ.

ಬ್ಯಾಂಕ್ ಖಾತೆ ‘ಆಧಾರ್‌ಗೆ ಲಿಂಕ್ ಆಗಿದೆ’ ಎಂದು ಗುಮಾಸ್ತರು ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದು ಬೇರೆ, ಸರ್ಕಾರದ ಹಣ ಬರುವ ಖಾತೆ ಇದೇ ಎಂದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ನಮೂದಾಗುವುದು ಬೇರೆ. ಎರಡು ಖಾತೆ ಇದ್ದರೆ ಆಧಾರ್ ಮೂಲಕ ಬರುವ ಹಣ ಕೊನೆಯಲ್ಲಿ ನಮೂದಾದ ಖಾತೆಗೆ ಹೋಗುತ್ತದೆ, ಮನೆಯವರು ಹಳೇ ಪಾಸ್‌ಬುಕ್ ಹಿಡಿದು ಕಾಯುತ್ತಾರೆ. ಇನ್ನೊಂದು: 15 ವರ್ಷ ತುಂಬಿದಾಗ ಮಕ್ಕಳ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. 12ಕ್ಕೆ ಆಯ್ಕೆಯಾದ ಮಗುವಿಗೆ ವಿದ್ಯಾರ್ಥಿವೇತನದ ನಡುವೆಯೇ ಇದು ಬರುತ್ತದೆ.

ಗುರುಗಳ ಪತ್ರವೂ ಮುಖ್ಯ. ‘ಚೆನ್ನಾಗಿ ಹಾಡುತ್ತಾಳೆ, ಶುಭವಾಗಲಿ’ ಎಂಬ ಪತ್ರದಿಂದ ಉಪಯೋಗವಿಲ್ಲ. ಯಾವ ತಿಂಗಳಿಂದ ಕಲಿಯುತ್ತಿದ್ದಾಳೆ, ವಾರಕ್ಕೆ ಎಷ್ಟು ಪಾಠ, ಯಾವ ಯಾವ ರಾಗ ಆಗಿದೆ, ಫೀ ಎಷ್ಟು, ಗುರುಗಳು ಯಾರಲ್ಲಿ ಕಲಿತವರು ಅಥವಾ ಯಾವ ಪರೀಕ್ಷೆ ಪಾಸಾದವರು, ಇಷ್ಟು ಒಂದು ಪುಟದಲ್ಲಿ ಇರಲಿ. ಮುಂದೆ ಗುರು ಬದಲಾದರೆ ಸಿಸಿಆರ್‌ಟಿಗೆ ತಿಳಿಸಿ ಒಪ್ಪಿಗೆ ಪಡೆದೇ ಬದಲಾಯಿಸಿ.

ಇನ್ನು ಹಾಡು. ಆಯ್ಕೆಯ ದಿನ ತಜ್ಞರ ಮುಂದೆ ಹಾಡಲು ಸಿಗುವುದು ಕೆಲವೇ ನಿಮಿಷ. 12 ವರ್ಷದವಳಿಂದ ಅವರು ಪೂರ್ತಿ ಸಂಗೀತ ಕಚೇರಿ ಬಯಸುವುದಿಲ್ಲ. ಶ್ರುತಿಯಲ್ಲಿ ನಿಲ್ಲುತ್ತಾಳೆಯೇ, ಲಯ ಬಿಡುವುದಿಲ್ಲವೇ, ಹೇಳಿಕೊಟ್ಟದ್ದನ್ನು ಹಿಡಿಯುತ್ತಾಳೆಯೇ ಎಂದು ನೋಡುತ್ತಾರೆ. ಯಮನ್, ಭೂಪಾಲಿ, ಭೀಮಪಲಾಸಿಯಂಥ, ಬಾಯಿಗೆ ಚೆನ್ನಾಗಿ ಕೂತ ಒಂದೇ ರಾಗ ಸಾಕು. ಒಂದೆರಡು ನಿಮಿಷದ ಆಲಾಪ, ಮಧ್ಯಲಯದ ತೀನ್‌ತಾಲ್‌ನಲ್ಲಿ ಒಂದು ಚೀಜು (ಬಂದಿಶ್), ಸರಗಮ್, ನಾಲ್ಕಾರು ಸ್ವಚ್ಛ ತಾನ್ (ವೇಗದ ಸ್ವರಸಾಲು). ಗುರುಗಳ ಆಸೆಗೆ ದರ್ಬಾರಿ ಕಾನಡಾ ಹಾಡಿಸಿದರೆ ಆಂದೋಲನದ (ತೂಗಿ ಹಾಡಬೇಕಾದ) ಗಾಂಧಾರದಲ್ಲೇ ಸಿಕ್ಕಿಬೀಳುತ್ತಾಳೆ. ಕರ್ನಾಟಕ ಸಂಗೀತದ ಮಕ್ಕಳು ಒಂದು ಆದಿತಾಳ ವರ್ಣವನ್ನು ಎರಡು ಕಾಲದಲ್ಲಿ (ವೇಗದಲ್ಲಿ), ತಾವೇ ತಾಳ ಹಾಕಿಕೊಂಡು ಹಾಡುವಂತಿರಬೇಕು.

ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ: ಇನ್ನೊಂದು ರಾಗದ ಆರೋಹ ಅವರೋಹ ಹಾಡು, ಕೈಯಲ್ಲಿ ತಾಳ ಹಾಕಿ ದುಗುನ್ (ಎರಡು ಪಟ್ಟು ವೇಗ) ಹೇಳು, ನಾನು ಹಾಡಿದ್ದನ್ನು ತಿರುಗಿ ಹಾಡು. ಮೇಷ್ಟ್ರ ಹಾರ್ಮೋನಿಯಂ ಆಸರೆಯಲ್ಲೇ ಎರಡು ವರ್ಷ ಹಾಡಿದ ಮಗು ಅಲ್ಲಿ ಬರೀ ತಂಬೂರಿ ಶ್ರುತಿಗೆ ತಡವರಿಸುತ್ತದೆ. ಒಂದು ತಿಂಗಳು ಮೊದಲಿನಿಂದ ಹಾರ್ಮೋನಿಯಂ ಮುಚ್ಚಿಟ್ಟು ಅಭ್ಯಾಸ ಮಾಡಿಸಿ. ಮೊಬೈಲಿನ ಉಚಿತ ತಂಬೂರಿ ಆ್ಯಪ್ ಸಾಕು, ಆದರೆ ಆಯ್ಕೆಯ ದಿನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಗಂಡುಮಕ್ಕಳಿಗೆ ಮತ್ತೊಂದು ತೊಡಕಿದೆ. 12ರಿಂದ 15ರ ನಡುವೆ ಗಂಟಲು ಒಡೆಯುತ್ತದೆ. ಆ ಸಮಯದಲ್ಲಿ ಹಳೇ ಶ್ರುತಿಗೇ ಎಳೆದು ಹಾಡಿಸಬಾರದು. ಶ್ರುತಿ ಇಳಿಸಿ, ತಾರ ಸ್ಥಾಯಿ ಕಡಿಮೆ ಮಾಡಿ ಹಾಡಿಸಿ. ಕಂಠ ಒಡೆಯುತ್ತಿದೆ ಎಂದು ತಜ್ಞರಿಗೆ ಹೇಳಿದರೆ ತಪ್ಪೇನಿಲ್ಲ.

ಫೀ ಮಾತ್ರವಲ್ಲ, ಊಟ, ಓದು, ಮನೆಯ ಪರಿಸ್ಥಿತಿ ಎಲ್ಲವೂ ಕಷ್ಟ ಎನ್ನುವುದಾದರೆ ತಿಂಗಳ ಸಾವಿರ ರೂಪಾಯಿಗಿಂತ ಉಚಿತ ವಸತಿಯ ಸಂಗೀತ ಶಾಲೆಯೇ ದೊಡ್ಡ ವಿದ್ಯಾರ್ಥಿವೇತನ. ಈ ವಿಷಯದಲ್ಲಿ ಉತ್ತರ ಕರ್ನಾಟಕದವರು ಪುಣ್ಯವಂತರು. ಧಾರವಾಡದ ಹತ್ತಿರದ ಕಲಕೇರಿ ಸಂಗೀತ ವಿದ್ಯಾಲಯ 2002ರಲ್ಲಿ ಬಡ ಹಳ್ಳಿ ಮಕ್ಕಳಿಗೆಂದೇ ಶುರುವಾದದ್ದು. ಶಾಲೆಯ ಪಾಠ, ಊಟ, ವಸತಿಯ ಜೊತೆ ಗಾಯನ, ತಬಲಾ, ಸಿತಾರ್, ಪಿಟೀಲು ಕಲಿಸುತ್ತಾರೆ, ಎಲ್ಲವೂ ಉಚಿತ. ಗದಗದ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ, ಬಡ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟು ಬೆಳೆಸಿದ ಜಾಗ. ಬಳ್ಳಾರಿ ಸೀಮೆಯ ಜಾನಪದ ಕಲಾವಿದರ ಮನೆಯಿಂದ ಬಂದ ಪಂಡಿತ್ ಎಂ. ವೆಂಕಟೇಶ್ ಕುಮಾರ್ ಸುಮಾರು 12 ವರ್ಷ ಅಲ್ಲೇ ಕಲಿತವರು. ಎರಡಕ್ಕೂ ನೇರವಾಗಿ ಹೋಗಿ, ಶೈಕ್ಷಣಿಕ ವರ್ಷ ಶುರುವಾಗುವ ಎರಡು ಮೂರು ತಿಂಗಳು ಮೊದಲೇ ವಿಚಾರಿಸಿ. ಹೆಣ್ಣುಮಗಳ ವಸತಿ ಹೇಗಿದೆ, ಮನೆಗೆ ಎಷ್ಟು ದಿನಕ್ಕೊಮ್ಮೆ ಕಳಿಸುತ್ತಾರೆ ಎಂಬುದನ್ನು ಕೇಳಲು ಸಂಕೋಚ ಬೇಡ. ಮಗಳನ್ನೂ ಕರೆದುಕೊಂಡು ಹೋಗಿ, ಅಲ್ಲಿ ಇರಬೇಕಾದವಳು ಅವಳು.

ಮುಂದಿನ ವರ್ಷಗಳಿಗೆ ಎರಡು ಮಾತು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಕಲಿಯುವವರಿಗೆ ಶಿಷ್ಯವೇತನದ ಅರ್ಜಿ ಕರೆಯುತ್ತದೆ. ಪ್ರಕಟಣೆ ಪತ್ರಿಕೆಯಲ್ಲಿ ಒಂದು ಮೂಲೆಯಲ್ಲಿ ಬಂದುಹೋಗುತ್ತದೆ, ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಯಲ್ಲಿ ಆಗಾಗ ಕೇಳುತ್ತಿರಿ. ಇಂಥ ಕಡೆ ರಾಜ್ಯದ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆ ಅಥವಾ ಗಂಧರ್ವ ಮಹಾವಿದ್ಯಾಲಯದ ಸಂಗೀತ ಪರೀಕ್ಷೆಯ ಅಂಕಪಟ್ಟಿ ಕೆಲಸಕ್ಕೆ ಬರುತ್ತದೆ, ಆದ್ದರಿಂದ ಪರೀಕ್ಷೆ ಕಟ್ಟಿಸಿಬಿಡಿ. 18ರಿಂದ 25ರವರಿಗೆ ಕೇಂದ್ರದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ: ದೇಶಕ್ಕೆ 400, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಕನಿಷ್ಠ ಐದು ವರ್ಷ ಕಲಿತಿರಬೇಕು. ನಿಮ್ಮ ಮಗಳಿಗೆ 18 ತುಂಬುವ ಹೊತ್ತಿಗೆ ಎಂಟು ವರ್ಷ ಆಗಿರುತ್ತದೆ, ಆದರೆ ಅದನ್ನು ತೋರಿಸುವ ಕಾಗದ ಬೇಕು. ಇವತ್ತಿನ ರಸೀದಿಗಳನ್ನು ಎಸೆಯಬೇಡಿ. ಯುವ ಕಲಾವಿದರ ವಿದ್ಯಾರ್ಥಿವೇತನದ ಹಣವೂ ತಿಂಗಳು ತಿಂಗಳು ಬರುವುದಿಲ್ಲ. ಆರು ತಿಂಗಳಿಗೊಮ್ಮೆ 30,000ದಂತೆ ನಾಲ್ಕು ಕಂತು. ಮೊದಲ ಕಂತಿನ ನಂತರದವು ಗುರುಗಳ ಪ್ರಗತಿ ವರದಿ ತಲುಪಿದ ಮೇಲೆಯೇ ಬರುವುದು. ವರದಿ ಕಳಿಸಲು ಮರೆತು, ಹಣ ಬಂದಿಲ್ಲ ಎಂದು ದೆಹಲಿಗೆ ಫೋನ್ ಮಾಡುವವರೇ ಹೆಚ್ಚು.