ಮಕ್ಕಳ ಜೊತೆ ವೇಲ್ಸ್ ಸುತ್ತಾಟ: ದಿನಕ್ಕೆ ಎಷ್ಟು ದೂರ ಕಾರು ಓಡಿಸಬಹುದು?

ಪ್ರಶ್ನೆ: ಮೇ ತಿಂಗಳಲ್ಲಿ 10 ದಿನಕ್ಕೆ ಬರುತ್ತಿದ್ದೇವೆ. ಮಕ್ಕಳಿಗೆ 6 ಮತ್ತು 10 ವರ್ಷ. ಹೀಥ್ರೂದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಬಾತ್, ಕಾರ್ಡಿಫ್, ಟೆನ್‌ಬಿ, ಸ್ನೋಡೋನಿಯಾ, ಲೇಕ್ ಡಿಸ್ಟ್ರಿಕ್ಟ್, ಯಾರ್ಕ್ ಎಲ್ಲ ನೋಡುವ ಆಸೆ. ಮ್ಯಾಪಿನಲ್ಲಿ ಎಲ್ಲವೂ ಹತ್ತಿರವೇ ಇದೆ. ದಿನಕ್ಕೆ ಎಷ್ಟು ದೂರ ಓಡಿಸಬಹುದು?

ಉತ್ತರ: ಮೈಲಿ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ದಿನಕ್ಕೆ ಮೂರು ಗಂಟೆ ಸಾಕು. ಇಡೀ ಪ್ರವಾಸದಲ್ಲಿ ಒಂದೇ ಒಂದು ದಿನ ಅದನ್ನು ಮೀರಬಹುದು. ಈ ಲೆಕ್ಕದಲ್ಲಿ ಲೇಕ್ ಡಿಸ್ಟ್ರಿಕ್ಟ್ ಮತ್ತು ಯಾರ್ಕ್ ಈ ಸಲ ಆಗುವುದಿಲ್ಲ. ಟೆನ್‌ಬಿಯನ್ನೂ ಬಿಡಿ ಅಂತಲೇ ನನ್ನ ಸಲಹೆ. ಊರು ಚೆಂದ, ಆದರೆ ಪಶ್ಚಿಮದ ತುದಿಯಲ್ಲಿದೆ.

ನಾನೂ ಒಮ್ಮೆ ಮ್ಯಾಪ್ ನಂಬಿ ಮೋಸ ಹೋದವನೇ. ಟೆನ್‌ಬಿಯಿಂದ ಉತ್ತರದ ಕಾನ್ವಿಗೆ ಒಂದೇ ದಿನದಲ್ಲಿ ಹೊರಟಿದ್ದೆವು. ಸುಮಾರು 150 ಮೈಲಿ, ಅಂದರೆ 240 ಕಿಲೋಮೀಟರ್. ಬೆಳಗ್ಗೆ ಹೊರಟರೆ ಊಟಕ್ಕೆ ಅಲ್ಲಿರ್ತೀವಿ ಅಂದುಕೊಂಡಿದ್ದೆ. ವೇಲ್ಸ್‌ನ ದಕ್ಷಿಣದಿಂದ ಉತ್ತರಕ್ಕೆ ಮೋಟರ್‌ವೇನೇ ಇಲ್ಲ ಅಂತ ಆಗ ಗೊತ್ತಿರಲಿಲ್ಲ. ತಿರುವು, ಟ್ರ್ಯಾಕ್ಟರ್, ಮತ್ತೆ ತಿರುವು. ಹಿಂದಿನ ಸೀಟಿನಲ್ಲಿ ಚಿಕ್ಕವಳು ಎರಡು ಸಲ ವಾಂತಿ ಮಾಡಿಕೊಂಡಳು. ಒಂದು ಹಳ್ಳಿ ಪಬ್ ಕಂಡಾಗ ಗಂಟೆ 2:40. ಅಡುಗೆಮನೆ ಎರಡೂವರೆಗೇ ಮುಚ್ಚಿತ್ತು. ನಮ್ಮ ಮಧ್ಯಾಹ್ನದ ಊಟ ನಾಲ್ಕು ಪ್ಯಾಕೆಟ್ ಚಿಪ್ಸ್.

ಆದ್ದರಿಂದ ಎರಡು ಕಡೆ ಮನೆ ಹಿಡಿಯಿರಿ, ಅಲ್ಲಿಂದಲೇ ಸುತ್ತಾಡಿ. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಅರ್ಧ ರಜೆ ಹೋಗಿಬಿಡುತ್ತದೆ. ಮೊದಲ ರಾತ್ರಿ ಹೀಥ್ರೂ ಹತ್ತಿರವೇ ಮಲಗಿ. ವಿಮಾನದಲ್ಲಿ ನಿದ್ದೆಗೆಟ್ಟು ಬಂದು ನೇರ ಸ್ಟಿಯರಿಂಗ್ ಹಿಡಿಯಬೇಡಿ. ಮಾರನೇ ದಿನ ಬಾತ್ ನೋಡಿಕೊಂಡು ಸೆವರ್ನ್ ನದಿ ದಾಟಿ ದಕ್ಷಿಣ ವೇಲ್ಸ್‌ನ ಅಬರ್‌ಗವೆನಿ ಕಡೆಗೆ ಹೋಗಿ, ಅಲ್ಲಿ ಮೂರು ರಾತ್ರಿ. ಸೇತುವೆಗೆ ಟೋಲ್ ಇಲ್ಲ, 2018ರ ಕೊನೆಯಲ್ಲಿ ತೆಗೆದುಹಾಕಿದರು. ಬಾತ್‌ನ ಒಳಗೆ ಪಾರ್ಕಿಂಗ್ ಹುಡುಕುವುದು ತಲೆನೋವು. ಊರಾಚೆ ಪಾರ್ಕ್ ಅಂಡ್ ರೈಡ್‌ನಲ್ಲಿ ಕಾರು ಬಿಟ್ಟು ಬಸ್ ಹತ್ತಿ.

ಅಬರ್‌ಗವೆನಿ ಪಕ್ಕದ ಬ್ಲೈನಾವನ್‌ನಲ್ಲಿ ಬಿಗ್ ಪಿಟ್ ಇದೆ. 1980ರಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿ, ಈಗ ಮ್ಯೂಸಿಯಂ. ಇದನ್ನು ಮಾತ್ರ ತಪ್ಪಿಸಬೇಡಿ. ತಲೆಗೆ ಹೆಲ್ಮೆಟ್, ಹೆಲ್ಮೆಟ್ಟಿಗೆ ದೀಪ, ಸೊಂಟಕ್ಕೆ ಭಾರದ ಬೆಲ್ಟ್. ಮೊಬೈಲು, ವಾಚು, ಕಾರಿನ ರಿಮೋಟ್ ಕೀ, ಬ್ಯಾಟರಿ ಇರುವುದೆಲ್ಲ ಮೇಲೆಯೇ ಬಿಡಬೇಕು. ಗಣಿ ಗ್ಯಾಸಿಗೆ ಕಿಡಿ ತಾಗಬಾರದಲ್ವಾ? ಆಮೇಲೆ ಕಬ್ಬಿಣದ ಪಂಜರದಲ್ಲಿ ನಿಂತು 90 ಮೀಟರ್ ಕೆಳಗೆ. ಅಲ್ಲಿ ಒಂದು ಕಡೆ ಗೈಡ್ ಎಲ್ಲರ ದೀಪ ಆರಿಸಲು ಹೇಳುತ್ತಾರೆ. ಕೈಯನ್ನು ಮೂಗಿನ ಮುಂದೆ ಹಿಡಿದರೂ ಕಾಣುವುದಿಲ್ಲ. ನಿಮ್ಮ ಚಿಕ್ಕವನಷ್ಟೇ ವಯಸ್ಸಿನ ಮಕ್ಕಳು ಆ ಕತ್ತಲಲ್ಲಿ ಕೂತು, ಬಂಡಿ ಬಂದಾಗ ಬಾಗಿಲು ತೆರೆಯುವ ಕೆಲಸ ಮಾಡುತ್ತಿದ್ದರಂತೆ. ನನ್ನ ಮಗಳು ಮೇಲೆ ಬಂದು ಅರ್ಧ ಗಂಟೆ ಮಾತೇ ಆಡಲಿಲ್ಲ. ಒಂದು ಮೀಟರ್ ಎತ್ತರ ಇಲ್ಲದ ಮಕ್ಕಳನ್ನು ಕೆಳಗೆ ಬಿಡುವುದಿಲ್ಲ. ನಿಮ್ಮವರಿಗೆ ತೊಂದರೆ ಇರಲಾರದು.

ಇನ್ನೊಂದು ದಿನ ಕಾರ್ಡಿಫ್ ಹೊರಗಿನ ಸೇಂಟ್ ಫೇಗನ್ಸ್ ಬಯಲು ಮ್ಯೂಸಿಯಂ. ಪ್ರವೇಶ ಉಚಿತ, ಪಾರ್ಕಿಂಗಿಗೆ ದುಡ್ಡು. ವೇಲ್ಸ್‌ನ ಬೇರೆ ಬೇರೆ ಊರುಗಳ ಹಳೇ ಮನೆಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಕಾರ್ಮಿಕರ ಆರು ಮನೆಗಳ ಒಂದು ಸಾಲಿದೆ. 1805ರಿಂದ 1985ರವರೆಗೆ ಒಂದೊಂದು ಮನೆ ಒಂದೊಂದು ಕಾಲದ್ದು. ಕೊನೆಯ ಮನೆಯಲ್ಲಿ ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಆಮೇಲೆ ಆ ಒಂದು ಉದ್ದದ ದಿನ. ಅಬರ್‌ಗವೆನಿಯಿಂದ ಬ್ರೆಕನ್ ಊರಿಗೆ ಬಂದು, ಅಲ್ಲಿಂದ ಎ470 ರಸ್ತೆ ಹಿಡಿದು ಉತ್ತರಕ್ಕೆ ನಾಲ್ಕು ಗಂಟೆ ದಾರಿ, ಅದನ್ನು ಎಂಟು ಗಂಟೆ ಮಾಡಿ. ನಡುವೆ ರಾಯಡರ್ ಬಳಿ ಗಿಗ್ರಿನ್ ಎಂಬ ಹೊಲದಲ್ಲಿ ಮಧ್ಯಾಹ್ನ ಕೆಂಪು ಹದ್ದುಗಳಿಗೆ ಮಾಂಸ ಹಾಕುತ್ತಾರೆ. ನೂರಾರು ಹದ್ದು ಒಟ್ಟಿಗೆ ಎರಗುವುದನ್ನು ನೋಡಿದರೆ ಬೆಳಗಿನ ತಿರುವೆಲ್ಲ ಮರೆತುಹೋಗುತ್ತದೆ. ಹೊರಡುವ ಮುಂಚೆ ಅವತ್ತು ತೆರೆದಿದೆಯಾ ಅಂತ ನೋಡಿಕೊಳ್ಳಿ.

ರಸ್ತೆ ಬಗ್ಗೆ ನಾಲ್ಕು ಮಾತು. ಎಡಗಡೆ ಓಡಿಸುವುದು ನಮಗೆ ಹೊಸದಲ್ಲ, ನಿಮ್ಮ ಲೈಸೆನ್ಸೂ ನಡೆಯುತ್ತದೆ. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಊರೊಳಗೆ ಸಾಮಾನ್ಯವಾಗಿ ಗಂಟೆಗೆ 20 ಮೈಲಿ ಮಿತಿ, ಇಂಗ್ಲೆಂಡಿನಲ್ಲಿ 30. ಬಿಳಿ ವೃತ್ತದಲ್ಲಿ ಕಪ್ಪು ಓರೆ ಗೆರೆ ಕಂಡರೆ ಎರಡೂ ಕಡೆಯ ವಾಹನ ಒಂದೇ ರಸ್ತೆಯಲ್ಲಿ ಬರುವಲ್ಲಿ 60. ಅದು ಮಿತಿ ಅಷ್ಟೇ, ಗುರಿ ಅಲ್ಲ. ಎರಡೂ ಕಡೆ ಬೇಲಿ ಇರುವ ಆ ಓಣಿಗಳಲ್ಲಿ 30ಕ್ಕೇ ಎದೆ ಡವಡವ ಅನ್ನುತ್ತದೆ. ಬೋರ್ಡುಗಳು ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಟಾರಿನ ಮೇಲೆ ಬರೆದ 'ಅರವ್' ಅಂದರೆ ನಿಧಾನ. ಸುಮ್ನೆ ಹೇಳುತ್ತಿಲ್ಲ, ಮಕ್ಕಳಿಗೆ ಆ ಪದ ಕಲಿಸಿ, ಕಂಡಾಗಲೆಲ್ಲ ಕೂಗುತ್ತಾರೆ. ನಿಮ್ಮ ಸ್ಪೀಡೂ ಕಡಿಮೆ ಆಗುತ್ತದೆ.

12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ದೊಡ್ಡವನ ಎತ್ತರ ಈಗಲೇ ಅಳೆದುಕೊಳ್ಳಿ. ಆಟೊಮ್ಯಾಟಿಕ್ ಕಾರು ಬೇಕಿದ್ದರೆ ಮುಂಚೆಯೇ ಬುಕ್ ಮಾಡಿ. ಬಂಕಿನಲ್ಲಿ ಪೆಟ್ರೋಲ್ ನೀವೇ ಹಾಕಿಕೊಳ್ಳಬೇಕು: ಹಸಿರು ಹಿಡಿ ಪೆಟ್ರೋಲ್, ಕಪ್ಪು ಹಿಡಿ ಡೀಸೆಲ್. ಭಾನುವಾರ ದೊಡ್ಡ ಅಂಗಡಿಗಳು ತೆರೆದಿರುವುದು ಆರೇ ಗಂಟೆ, ದಿನಸಿ ಶನಿವಾರವೇ ತಂದಿಡಿ. ಸಸ್ಯಾಹಾರಿಗಳಾದರೆ ಗ್ಲಾಮೋರ್ಗನ್ ಸಾಸೇಜ್ ಹೆಸರು ನೋಡಿ ಹೆದರಬೇಡಿ. ಅದು ಚೀಸ್ ಮತ್ತು ಲೀಕ್ ಸೊಪ್ಪಿನದು, ಮಾಂಸ ಇರುವುದಿಲ್ಲ. ಮೊಟ್ಟೆ ತಿನ್ನದವರು ಕೇಳಿಕೊಳ್ಳಿ.

ತಿಂಗಳ ಆಯ್ಕೆ ಚೆನ್ನಾಗಿದೆ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ, ಅಲ್ಲಿನವರಿಗೆ ಶಾಲೆ. ಮೇ ಮೊದಲ ಸೋಮವಾರದ ಮತ್ತು ಕೊನೆಯ ಸೋಮವಾರದ ವಾರಾಂತ್ಯ ಮಾತ್ರ ತಪ್ಪಿಸಿ, ಆ ಸೋಮವಾರಗಳು ಅಲ್ಲಿ ರಜಾದಿನ. ಕೊನೆಯ ವಾರ ಅಲ್ಲೂ ಶಾಲೆಗೆ ರಜೆ, ಬಾಡಿಗೆ ಏರಿರುತ್ತದೆ.

ಉತ್ತರದಲ್ಲಿ ಸ್ನೋಡೋನಿಯಾ ಪಕ್ಕದ ಕಾನ್ವಿ ಬಳಿ ನಾಲ್ಕು ರಾತ್ರಿ. ಒಂದು ದಿನ ಕಾನ್ವಿ ಅಥವಾ ಕಾರ್ನಾರ್ವನ್ ಕೋಟೆ. ಎರಡೂ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಕಟ್ಟಿಸಿದ್ದು, ಒಂದು ಸಾಕು. ಒಂದು ದಿನ ಬೆಟ್ಟದ ಪುಟ್ಟ ರೈಲು. ಇನ್ನೊಂದು ದಿನಕ್ಕೆ ಏನೂ ಪ್ಲಾನ್ ಬೇಡ. ಕಾನ್ವಿ ದಂಡೆಯಲ್ಲಿ ಬಕೆಟ್, ದಾರ, ಬಲೆಚೀಲ ಕೊಂಡು ಏಡಿ ಹಿಡಿಯುತ್ತಾ ಕೂರಿ. ಅಲ್ಲಿ ಎರೆಯಾಗಿ ಬೇಕನ್, ಅಂದರೆ ಹಂದಿಮಾಂಸದ ಚೂರು, ಕಟ್ಟುವುದು ರೂಢಿ. ನಮ್ಮ ಮನೆಯವಳು ಮುಟ್ಟಲ್ಲ ಅಂದಳು, ಮಕ್ಕಳೇ ಕಟ್ಟಿದರು. ಎರಡು ಗಂಟೆಯಲ್ಲಿ ಹನ್ನೊಂದು ಏಡಿ, ಎಲ್ಲವನ್ನೂ ವಾಪಸ್ ನೀರಿಗೆ ಬಿಟ್ಟೆವು. ಪಕ್ಕದಲ್ಲೇ ಬ್ರಿಟನ್ನಿನ ಅತಿ ಚಿಕ್ಕ ಮನೆ ಇದೆ, ಕೆಂಪು ಬಣ್ಣದ್ದು, ಆರಡಿ ಅಗಲ.

ಕೊನೆಯ ರಾತ್ರಿ ಇಂಗ್ಲೆಂಡಿನ ಐರನ್‌ಬ್ರಿಜ್‌ನಲ್ಲಿ. ಸಂಜೆ 1779ರ ಕಬ್ಬಿಣದ ಸೇತುವೆ ಮೇಲೆ ಓಡಾಡಿ. ಅಲ್ಲಿಂದ ಹೀಥ್ರೂಗೆ ಸುಮಾರು ಮೂರು ಗಂಟೆ, ಲಂಡನ್ ಸುತ್ತುವ ಎಂ25 ಮೋಟರ್‌ವೇಯ ಜಾಮಿಗೆ ಇನ್ನೊಂದು ಗಂಟೆ ಇಟ್ಟುಕೊಳ್ಳಿ. ಕಾರು ವಾಪಸ್ ಕೊಡುವ ಮುಂಚೆ ಸೀಟಿನ ಕೆಳಗೊಮ್ಮೆ ಬಗ್ಗಿ ನೋಡಿ. ಏಡಿಯ ಬಕೆಟ್ ಅಲ್ಲೇ ಇರಬಹುದು.